ವಿಂಡೋಸ್ 11ರಲ್ಲಿ ಹಳೆಯ ಪ್ರೋಗ್ರಾಂ ಓಡಿಸುವುದು: ನುಡಿ, ಪೇಜ್‌ಮೇಕರ್, ವಿಬಿ 6, ಫಾಕ್ಸ್‌ಪ್ರೊ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ಮೇಲೆ ಡಿಟಿಪಿ ಸೆಂಟರು, ಪ್ರಿಂಟಿಂಗ್ ಪ್ರೆಸ್ಸು, ಸಹಕಾರ ಸಂಘ, ಶಾಲಾ ಕಚೇರಿಗಳಲ್ಲಿ ಹೊಸ ಕಂಪ್ಯೂಟರುಗಳು ಬಂದು ಕೂರುತ್ತಿವೆ. ಕೆಲಸ ಮಾತ್ರ ಹಳೆಯ ಪ್ರೋಗ್ರಾಂಗಳಲ್ಲೇ ನಡೆಯಬೇಕು: ಪುಟ ವಿನ್ಯಾಸದ ಪೇಜ್‌ಮೇಕರ್ 7, ಕನ್ನಡ ಟೈಪಿಂಗ್‌ಗೆ ಬಳಸುವ ನುಡಿಯ ಹಳೆಯ ಆವೃತ್ತಿ, ಯಾವಾಗಲೋ ವಿಷುಯಲ್ ಬೇಸಿಕ್ 6ರಲ್ಲಿ ಬರೆಸಿಕೊಂಡ ಬಿಲ್ಲಿಂಗ್, ಡಾಸ್ ಕಾಲದ ಫಾಕ್ಸ್‌ಪ್ರೊ ಲೆಕ್ಕ. ಇವುಗಳಲ್ಲಿ ಬಹುಪಾಲನ್ನು ವಿಂಡೋಸ್ 11ರಲ್ಲಿ ಓಡಿಸಬಹುದು. ಓಡದಿದ್ದಾಗ ಪ್ರೋಗ್ರಾಂ ಫೈಲಿನ ಪ್ರಾಪರ್ಟೀಸ್‌ನಲ್ಲಿರುವ ಕಂಪ್ಯಾಟಿಬಿಲಿಟಿ ಪುಟದಲ್ಲಿ ಕಂಡದ್ದಕ್ಕೆಲ್ಲ ಟಿಕ್ ಹಾಕುತ್ತ ಹೋಗುವ ರೂಢಿಯಿದೆ. ಒಂದು ಟಿಕ್ ಒಂದು ಬಾಗಿಲು ತೆರೆದು ಇನ್ನೆರಡನ್ನು ಮುಚ್ಚುತ್ತದೆ. ಪ್ರೋಗ್ರಾಂ ಎಲ್ಲಿ ಮುಗ್ಗರಿಸುತ್ತಿದೆ ಎಂದು ಮೊದಲು ಗೊತ್ತುಮಾಡಿಕೊಳ್ಳಿ. ಆಮೇಲೆ ಮಾಡಬೇಕಾದ ಬದಲಾವಣೆ ಸಾಮಾನ್ಯವಾಗಿ ಒಂದೋ ಎರಡೋ ಇರುತ್ತದೆ.

ಹಳೆಯ ಕಂಪ್ಯೂಟರನ್ನು ವಿಲೇವಾರಿ ಮಾಡುವ ಮುನ್ನ

ಡೇಟಾ ಫೋಲ್ಡರ್ ಒಂದನ್ನೇ ಪೆನ್‌ಡ್ರೈವ್‌ಗೆ ಹಾಕಿಕೊಂಡರೆ ಸಾಲದು. ಇಷ್ಟನ್ನೂ ತೆಗೆದಿಡಿ:

- ಪ್ರೋಗ್ರಾಂ ಇನ್‌ಸ್ಟಾಲ್ ಆಗಿರುವ ಇಡೀ ಫೋಲ್ಡರ್, ಇನ್‌ಸ್ಟಾಲ್ ಸಿಡಿಯ ಪ್ರತಿ, ಸೀರಿಯಲ್ ನಂಬರ್.
- ವಿಂಡೋಸ್‌ನ ಫಾಂಟ್ಸ್ ಫೋಲ್ಡರ್‌ನಲ್ಲಿರುವ ಕನ್ನಡ ಫಾಂಟುಗಳೆಲ್ಲವೂ. ಒಂದೇ ಹೆಸರಿನ ಫಾಂಟಿನ ಬೇರೆ ಆವೃತ್ತಿ ಹಾಕಿದರೆ ಅಕ್ಷರದ ಅಗಲ ಬದಲಾಗಿ ಸಾಲು ಮುರಿಯುವ ಜಾಗವೂ ಬದಲಾಗಬಹುದು. ಅದೇ ಫೈಲುಗಳೇ ಬೇಕು.
- ಹಳೆಯ ಯಂತ್ರ ವಿಸ್ಟಾ ಅಥವಾ ಅದಕ್ಕಿಂತ ಈಚಿನದಾಗಿದ್ದರೆ ವರ್ಚುವಲ್‌ಸ್ಟೋರ್ ಎಂಬ ಫೋಲ್ಡರ್. ನಿಜವಾದ ಡೇಟಾ ಎಷ್ಟೋ ಸಲ ಅಲ್ಲೇ ಅಡಗಿರುತ್ತದೆ. ಏಕೆಂಬುದು ಮುಂದೆ ಬರುತ್ತದೆ.
- ಫಾಕ್ಸ್‌ಪ್ರೊ ಆದರೆ ಡಿಬಿಎಫ್ ಫೈಲುಗಳ ಜೊತೆಗೆ ಅದೇ ಹೆಸರಿನ ಎಫ್‌ಪಿಟಿ ಮತ್ತು ಸಿಡಿಎಕ್ಸ್ ಫೈಲುಗಳು. ಎಫ್‌ಪಿಟಿ ಬಿಟ್ಟುಹೋದರೆ ಮೆಮೊ ಬರಹವೆಲ್ಲ ಹೋದಂತೆ.
- ಒಡಿಬಿಸಿ (ಪ್ರೋಗ್ರಾಂ ಅನ್ನು ಡೇಟಾಬೇಸಿಗೆ ಜೋಡಿಸುವ ವ್ಯವಸ್ಥೆ) ಸೆಟ್ಟಿಂಗ್, ಪ್ರಿಂಟರ್ ಸೆಟ್ಟಿಂಗ್, ದಿನಾಂಕದ ಮಾದರಿ ಕಾಣುವ ಪರದೆಗಳ ಫೋಟೊ. ಮೊಬೈಲಿನಲ್ಲಿ ತೆಗೆದರೂ ಸಾಕು.

ಹಳೆಯದು ವಿಂಡೋಸ್ 7 ಆಗಿದ್ದು ಇನ್ನೂ ಚಾಲನೆಯಲ್ಲಿದ್ದರೆ ಸಿಸ್‌ಇಂಟರ್ನಲ್ಸ್‌ನ ಡಿಸ್ಕ್2ವಿಎಚ್‌ಡಿ ಎಂಬ ಉಚಿತ ಪ್ರೋಗ್ರಾಂನಿಂದ ಹಾರ್ಡ್ ಡಿಸ್ಕ್ ಪೂರ್ತಿಯನ್ನು ಒಂದೇ ಫೈಲಾಗಿ ಹೊರಗಿನ ಡಿಸ್ಕ್‌ಗೆ ಇಳಿಸಿಕೊಳ್ಳಿ. ಆರು ತಿಂಗಳ ನಂತರ ಏನೋ ಬಿಟ್ಟುಹೋಗಿದೆ ಎಂದು ಗೊತ್ತಾದಾಗ ಕೈಗೆ ಸಿಗುವುದು ಅದೊಂದೇ.

ಎಷ್ಟು ಬಿಟ್‌ನ ಪ್ರೋಗ್ರಾಂ?

64 ಬಿಟ್‌ನ ಯಾವ ವಿಂಡೋಸ್‌ನಲ್ಲೂ 16 ಬಿಟ್ ಪ್ರೋಗ್ರಾಂ ನೇರವಾಗಿ ಓಡುವುದಿಲ್ಲ. ಅದಕ್ಕೆ ಬೇಕಾದ ಎನ್‌ಟಿವಿಡಿಎಂ ಎಂಬ ಭಾಗ 32 ಬಿಟ್ ವಿಂಡೋಸ್‌ನಲ್ಲಿ ಮಾತ್ರ ಇತ್ತು. ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ. ಹಾಗಾಗಿ ನಿಮ್ಮ ಪ್ರೋಗ್ರಾಂ 16 ಬಿಟ್‌ನದಾದರೆ ಕಂಪ್ಯಾಟಿಬಿಲಿಟಿ ಪುಟದಲ್ಲಿ ಏನು ಒತ್ತಿದರೂ ಉಪಯೋಗವಿಲ್ಲ.

ತಿಳಿಯುವುದು ಸುಲಭ. ಪ್ರೋಗ್ರಾಂನ ಇಎಕ್ಸ್‌ಇ ಫೈಲಿನ ಪ್ರತಿಯೊಂದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಅರ್ಥವಾಗದ ಗುರುತುಗಳ ನಡುವೆ ಮೊದಲ ಕೆಲವು ಸಾಲುಗಳಲ್ಲೇ ರೋಮನ್ ಲಿಪಿಯಲ್ಲಿ ಪಿ, ಇ ಎಂಬ ಎರಡು ದೊಡ್ಡಕ್ಷರಗಳು ಒಟ್ಟಿಗೆ ಕಂಡು, ಸ್ವಲ್ಪ ಜಾಗ ಬಿಟ್ಟು ದೊಡ್ಡಕ್ಷರದ ಎಲ್ ಇದ್ದರೆ ಅದು 32 ಬಿಟ್. ಎಲ್ ಬದಲು ಸಣ್ಣಕ್ಷರದ ಡಿ ಇದ್ದರೆ 64 ಬಿಟ್. ಪಿ, ಇ ಬದಲು ಎನ್, ಇ ಇದ್ದರೆ ವಿಂಡೋಸ್ 3.1 ಕಾಲದ 16 ಬಿಟ್. ಎರಡೂ ಇಲ್ಲದಿದ್ದರೆ ಬಹುಮಟ್ಟಿಗೆ ಡಾಸ್ ಪ್ರೋಗ್ರಾಂ. ನೋಡಿದ ಮೇಲೆ ಸೇವ್ ಮಾಡದೆ ಮುಚ್ಚಿ.

ಇಲ್ಲಿ ಎಲ್ಲರನ್ನೂ ದಾರಿ ತಪ್ಪಿಸುವ ಸಂಗತಿಯೊಂದಿದೆ. 1990ರ ದಶಕದ ಕೊನೆಯ ಎಷ್ಟೋ ಪ್ರೋಗ್ರಾಂಗಳು ತಾವು 32 ಬಿಟ್ ಆಗಿದ್ದರೂ ಅವುಗಳ ಸೆಟಪ್ ಫೈಲು 16 ಬಿಟ್‌ನದು. ಸಿಡಿ ಹಾಕಿ ಸೆಟಪ್ ಒತ್ತಿದರೆ ‘ಈ ಆ್ಯಪ್ ನಿಮ್ಮ ಪಿಸಿಯಲ್ಲಿ ಓಡುವುದಿಲ್ಲ’ ಎಂಬ ನೀಲಿ ಸಂದೇಶ ಬರುತ್ತದೆ, ಪ್ರೋಗ್ರಾಂ ಮುಗಿದುಹೋಯಿತೆಂದು ಕೈಬಿಡುತ್ತಾರೆ. ಇನ್‌ಸ್ಟಾಲ್‌ಶೀಲ್ಡ್ 5ರ ಕೆಲವು ಸೆಟಪ್‌ಗಳನ್ನು ವಿಂಡೋಸ್ ತಾನಾಗಿ ಗುರುತಿಸಿ ತನ್ನ 32 ಬಿಟ್ ಪ್ರತಿಯಿಂದ ನಡೆಸುತ್ತದೆ, ಎಲ್ಲವನ್ನೂ ಅಲ್ಲ. ಸೆಟಪ್ ನಿಂತರೆ ಸಿಡಿಯ ಒಳಗಿರುವ ಮುಖ್ಯ ಪ್ರೋಗ್ರಾಂ ಫೈಲು ಎಷ್ಟು ಬಿಟ್‌ನದೆಂದು ನೋಡಿ. 32 ಆಗಿದ್ದರೆ ಹಳೆಯ ಯಂತ್ರದ ಇನ್‌ಸ್ಟಾಲ್ ಆದ ಫೋಲ್ಡರನ್ನೇ ನಕಲು ಮಾಡಿ ತಂದು ಓಡಿಸಿ ನೋಡಿ. ಅದೂ ಆಗದಿದ್ದರೆ ಓಟಿವಿಡಿಎಂ ಎಂಬ ಉಚಿತ ಪ್ರೋಗ್ರಾಂನಿಂದ ಆ ಸೆಟಪ್ ಅನ್ನು ನಡೆಸಿ. ವಿಂಡೋಸ್ 3.1ರ ಪ್ರೋಗ್ರಾಂಗಳನ್ನು 64 ಬಿಟ್ ವಿಂಡೋಸ್‌ನಲ್ಲಿ ಓಡಿಸಲೆಂದೇ ಅದು ಇರುವುದು.

ಎಲ್ಲಿ ಇನ್‌ಸ್ಟಾಲ್ ಮಾಡುತ್ತೀರಿ ಎಂಬುದರ ಮೇಲೆ ಅರ್ಧ ಕೆಲಸ

ವಿಂಡೋಸ್ 98, ಎಕ್ಸ್‌ಪಿ ಕಾಲದಲ್ಲಿ ಪ್ರೋಗ್ರಾಂಗಳು ತಮ್ಮ ಡೇಟಾ, ಸೆಟ್ಟಿಂಗ್, ತಾತ್ಕಾಲಿಕ ಫೈಲುಗಳನ್ನೆಲ್ಲ ತಾವಿರುವ ಫೋಲ್ಡರ್‌ನಲ್ಲೇ ಬರೆಯುತ್ತಿದ್ದವು. ವಿಸ್ಟಾದಿಂದ ಈಚೆಗೆ ಸಾಮಾನ್ಯ ಬಳಕೆದಾರನಿಗೆ ಪ್ರೋಗ್ರಾಂ ಫೈಲ್ಸ್ ಫೋಲ್ಡರ್‌ನಲ್ಲಿ ಬರೆಯುವ ಅನುಮತಿಯಿಲ್ಲ. ಹಳೆಯ 32 ಬಿಟ್ ಪ್ರೋಗ್ರಾಂ ಬರೆಯಲು ಹೋದರೆ ವಿಂಡೋಸ್ ತಡೆಯುವುದಿಲ್ಲ, ಸದ್ದಿಲ್ಲದೆ ಆ ಫೈಲನ್ನು ಬೇರೆಡೆ ಇಡುತ್ತದೆ. ಆ ಜಾಗವೇ ವರ್ಚುವಲ್‌ಸ್ಟೋರ್: ಯೂಸರ್ಸ್ ಫೋಲ್ಡರ್‌ನಲ್ಲಿ ನಿಮ್ಮ ಹೆಸರು, ಅದರೊಳಗೆ ಆ್ಯಪ್‌ಡೇಟಾ, ಅದರೊಳಗೆ ಲೋಕಲ್, ಅದರೊಳಗೆ ವರ್ಚುವಲ್‌ಸ್ಟೋರ್. ಆ್ಯಪ್‌ಡೇಟಾ ಮರೆಯಾಗಿರುವ ಫೋಲ್ಡರ್, ಆದ್ದರಿಂದ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಹಿಡನ್ ಐಟಂಸ್‌ಗೆ ಟಿಕ್ ಹಾಕಿದರಷ್ಟೇ ಕಾಣುತ್ತದೆ.

ಇದರ ಪರಿಣಾಮ ನೋಡಿ. ಬೆಳಿಗ್ಗೆ ಒಬ್ಬರು ಬಿಲ್ ಹಾಕುತ್ತಾರೆ, ಅದು ಅವರ ವರ್ಚುವಲ್‌ಸ್ಟೋರ್‌ಗೆ ಹೋಗುತ್ತದೆ. ಮಧ್ಯಾಹ್ನ ಇನ್ನೊಬ್ಬರು ಬೇರೆ ಲಾಗಿನ್‌ನಿಂದ ತೆರೆದರೆ ಆ ಬಿಲ್ಲೇ ಇಲ್ಲ. ಯಾರೋ ಬುದ್ಧಿವಂತಿಕೆಯಿಂದ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಎಂದು ಟಿಕ್ ಹಾಕಿದರೆ ಆಗ ಬರಹ ನೇರವಾಗಿ ಪ್ರೋಗ್ರಾಂ ಫೈಲ್ಸ್‌ಗೇ ಹೋಗುತ್ತದೆ. ಹಿಂದಿನ ದಿನಗಳ ಲೆಕ್ಕವೆಲ್ಲ ಮಾಯವಾದಂತೆ ಕಾಣುತ್ತದೆ. ಎಲ್ಲವೂ ಡಿಸ್ಕ್‌ನಲ್ಲೇ ಇದೆ, ಎರಡು ಮೂರು ಕಡೆ ಹಂಚಿಹೋಗಿದೆ. ಬ್ಯಾಕಪ್‌ಗೆಂದು ಪ್ರೋಗ್ರಾಂ ಫೋಲ್ಡರನ್ನು ನಕಲು ಮಾಡುವವರಿಗೆ ಹಳೆಯ ಪ್ರತಿಯಷ್ಟೇ ಸಿಗುತ್ತದೆ.

ಪರಿಹಾರ ಹೀಗೆ. ಇನ್‌ಸ್ಟಾಲ್ ಮಾಡುವಾಗ ಜಾಗ ಕೇಳಿದರೆ ಸಿ ಡ್ರೈವ್‌ನ ಬುಡದಲ್ಲೇ ಹೊಸ ಫೋಲ್ಡರ್ ಮಾಡಿ ಅಲ್ಲಿಗೆ ಹಾಕಿ. ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗವಿಲ್ಲದೆ, ಎಂಟು ಅಕ್ಷರದೊಳಗೆ ಇರಲಿ. ಸಿ ಡ್ರೈವ್‌ನ ಬುಡದಲ್ಲಿ ಮಾಡಿದ ಫೋಲ್ಡರ್‌ಗೆ ಎಲ್ಲ ಬಳಕೆದಾರರೂ ಬರೆಯಬಹುದು, ಅಲ್ಲಿ ವರ್ಚುವಲ್‌ಸ್ಟೋರ್‌ನ ಕಾಟವಿಲ್ಲ. ಸೆಟಪ್ ಜಾಗ ಕೇಳದೆ ಪ್ರೋಗ್ರಾಂ ಫೈಲ್ಸ್‌ಗೇ ಹಾಕಿದರೆ ಆ ಪ್ರೋಗ್ರಾಂನ ಫೋಲ್ಡರ್ ಮೇಲೆ ಮಾತ್ರ ರೈಟ್ ಕ್ಲಿಕ್, ಪ್ರಾಪರ್ಟೀಸ್, ಸೆಕ್ಯೂರಿಟಿ, ಎಡಿಟ್. ಯೂಸರ್ಸ್ ಆಯ್ದುಕೊಂಡು ಮಾಡಿಫೈ ಎಂಬಲ್ಲಿ ಟಿಕ್. ನಂತರ ವರ್ಚುವಲ್‌ಸ್ಟೋರ್‌ನಲ್ಲಿ ಈಗಾಗಲೇ ಫೈಲುಗಳಿದ್ದರೆ ದಿನಾಂಕ ಹೋಲಿಸಿ ಹೊಸದನ್ನು ಮುಖ್ಯ ಫೋಲ್ಡರ್‌ಗೆ ತಂದು, ವರ್ಚುವಲ್‌ಸ್ಟೋರ್‌ನ ಪ್ರತಿಯ ಹೆಸರು ಬದಲಿಸಿ. ಬದಲಿಸದಿದ್ದರೆ ಪ್ರೋಗ್ರಾಂ ಅದನ್ನೇ ಮತ್ತೆ ಓದುತ್ತದೆ.

ಅಡ್ಮಿನಿಸ್ಟ್ರೇಟರ್ ಟಿಕ್ ಕೊನೆಯ ಅಸ್ತ್ರವಾಗಿರಲಿ. ಅದನ್ನು ಹಾಕಿದ ಪ್ರೋಗ್ರಾಂಗೆ ಎಕ್ಸ್‌ಪ್ಲೋರರ್‌ನಿಂದ ಫೈಲು ಎಳೆದು ಹಾಕಲು ಆಗುವುದಿಲ್ಲ, ನೆಟ್‌ವರ್ಕ್ ಡ್ರೈವ್‌ನ ಅಕ್ಷರಗಳು ಕಾಣದೆ ಹೋಗಬಹುದು, ಕನ್ನಡ ಟೈಪಿಂಗ್ ನಿಲ್ಲಬಹುದು.

ಕಂಪ್ಯಾಟಿಬಿಲಿಟಿ ಮೋಡ್ ಮುಖ್ಯವಾಗಿ ಮಾಡುವುದು ವಿಂಡೋಸ್‌ನ ಆವೃತ್ತಿ ಕೇಳಿದ ಪ್ರೋಗ್ರಾಂಗೆ ಹಳೆಯ ಉತ್ತರ ಕೊಡುವುದನ್ನು. ‘ಎಕ್ಸ್‌ಪಿ ಬೇಕು’ ಎಂದು ಸೆಟಪ್ ಹಟ ಹಿಡಿದಾಗ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 3 ಆಯ್ದುಕೊಳ್ಳಿ. ಹೊಸ ಲ್ಯಾಪ್‌ಟಾಪಿನ ಪರದೆಯಲ್ಲಿ ಅಕ್ಷರಗಳು ಇರುವೆಯಷ್ಟಾಗಿದ್ದರೆ ಅದೇ ಪುಟದ ‘ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್’ ಒತ್ತಿ, ಕೆಳಗಿನ ಓವರ್‌ರೈಡ್‌ಗೆ ಟಿಕ್ ಹಾಕಿ, ‘ಸಿಸ್ಟಂ (ಎನ್‌ಹಾನ್ಸ್‌ಡ್)’ ಆಯ್ದುಕೊಳ್ಳಿ. ಅದರಲ್ಲಿ ಪರದೆ ಸರಿಯಾಗಿ ಮೂಡದಿದ್ದರೆ ‘ಸಿಸ್ಟಂ’; ಅದರಲ್ಲಿ ಅಕ್ಷರ ತುಸು ಮಸುಕಾಗಬಹುದು.

ಹಳೆಯ ನುಡಿ, ಪೇಜ್‌ಮೇಕರ್

ಕನ್ನಡ ಗಣಕ ಪರಿಷತ್ತಿನ ನುಡಿಯ ಆಸ್ಕಿ ಫಾಂಟುಗಳಲ್ಲಿ ಕನ್ನಡದ ಆಕಾರಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕೂತಿವೆ. ಫಾಂಟ್ ಇಲ್ಲದ ಕಡೆ ‘ಕನ್ನಡ’ ಎಂಬ ಪದ ರೋಮನ್ ಪಿ, ನೆತ್ತಿಯ ಮೇಲೆ ಗೆರೆಯಿರುವ ಎ, ಬ್ರಿಟಿಷ್ ಪೌಂಡಿನ ಚಿಹ್ನೆ ಹೀಗೆ ಕಾಣುತ್ತದೆ. ಇದೇ ನಿಮ್ಮ ಪರೀಕ್ಷೆ. ಪೌಂಡ್ ಚಿಹ್ನೆ, ಗೆರೆ ಹೊತ್ತ ಅಕ್ಷರಗಳು ಕಂಡರೆ ಬರಹ ಸರಿಯಾಗಿಯೇ ಇದೆ, ಫಾಂಟ್ ಸಿಗುತ್ತಿಲ್ಲ. ಅವುಗಳ ಬದಲು ಚೌಕಗಳೋ ಪ್ರಶ್ನಾರ್ಥಕ ಚಿಹ್ನೆಗಳೋ ಕಂಡರೆ ವಿಂಡೋಸ್ ಅಕ್ಷರಗಳನ್ನೇ ತಪ್ಪಾಗಿ ಓದುತ್ತಿದೆ. ಎರಡಕ್ಕೂ ಮದ್ದು ಬೇರೆ ಬೇರೆ.

ಫಾಂಟ್ ಸಿಗದಿರುವುದಕ್ಕೆ ಹೊಸ ವಿಂಡೋಸ್‌ನ ಅಭ್ಯಾಸವೊಂದು ಕಾರಣ. ಫಾಂಟಿನ ಮೇಲೆ ರೈಟ್ ಕ್ಲಿಕ್ ಮಾಡಿ ಬರಿಯ ‘ಇನ್‌ಸ್ಟಾಲ್’ ಒತ್ತಿದರೆ ಅದು ಆ ಬಳಕೆದಾರನ ಸ್ವಂತ ಫೋಲ್ಡರ್‌ಗೆ ಹೋಗುತ್ತದೆ. ವರ್ಡ್ ಅದನ್ನು ಕಾಣುತ್ತದೆ, ಪೇಜ್‌ಮೇಕರ್‌ನಂಥ ಹಳೆಯವು ಕಾಣದೆ ಹೋಗಬಹುದು. ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’ ಒತ್ತಿ. ವಿಂಡೋಸ್ 11ರಲ್ಲಿ ಇದು ‘ಶೋ ಮೋರ್ ಆಪ್ಷನ್ಸ್’ ಒಳಗೆ ಇರಬಹುದು. ಮೊದಲೇ ಒಬ್ಬರಿಗೆ ಮಾತ್ರ ಹಾಕಿದ್ದರೆ ಅದನ್ನು ತೆಗೆದು ಮತ್ತೆ ಹಾಕಿ, ಪೇಜ್‌ಮೇಕರ್ ಮುಚ್ಚಿ ತೆರೆಯಿರಿ.

ಚೌಕ ಕಂಡರೆ: ಸೆಟ್ಟಿಂಗ್ಸ್‌ನಲ್ಲಿ ಟೈಮ್ ಆ್ಯಂಡ್ ಲ್ಯಾಂಗ್ವೇಜ್, ಲ್ಯಾಂಗ್ವೇಜ್ ಆ್ಯಂಡ್ ರೀಜನ್, ಅಡ್ಮಿನಿಸ್ಟ್ರೇಟಿವ್ ಲ್ಯಾಂಗ್ವೇಜ್ ಸೆಟ್ಟಿಂಗ್ಸ್, ಕೊನೆಗೆ ‘ಚೇಂಜ್ ಸಿಸ್ಟಂ ಲೊಕೇಲ್’. ಅಲ್ಲಿ ಇಂಗ್ಲಿಷ್ (ಇಂಡಿಯಾ) ಅಥವಾ ಇಂಗ್ಲಿಷ್ (ಯುನೈಟೆಡ್ ಸ್ಟೇಟ್ಸ್) ಇರಬೇಕು. ಅದರ ಕೆಳಗೆ ‘ಬೀಟಾ: ಯೂಸ್ ಯೂನಿಕೋಡ್ ಯುಟಿಎಫ್-8’ ಎಂದು ಆರಂಭವಾಗುವ ಸಾಲಿಗೆ ಟಿಕ್ ಇರಕೂಡದು. ಆ ಟಿಕ್ ಇದ್ದರೆ ಹಳೆಯ ಪ್ರೋಗ್ರಾಂಗಳು 128ರಿಂದ 255ರವರೆಗಿನ ಅಕ್ಷರಸಂಖ್ಯೆಗಳನ್ನು ಯುಟಿಎಫ್-8 ಎಂದುಕೊಂಡು ಓದುತ್ತವೆ, ನುಡಿಯ ಅರ್ಧ ಅಕ್ಷರಗಳು ಇರುವುದೇ ಅಲ್ಲಿ. ಕನ್ನಡಕ್ಕೆ ಒಳ್ಳೆಯದಾಗಲಿ ಎಂದು ಲೊಕೇಲ್ ಅನ್ನು ಕನ್ನಡಕ್ಕೆ ಬದಲಿಸುವವರಿದ್ದಾರೆ. ಆಸ್ಕಿ ಬರಹದ ಮಟ್ಟಿಗೆ ಅದು ಹಾನಿಯೇ. ಬದಲಾವಣೆಯ ನಂತರ ರೀಸ್ಟಾರ್ಟ್ ಆಗಲೇಬೇಕು.

ನುಡಿ ಚಾಲೂ ಇದೆ, ನೋಟ್‌ಪ್ಯಾಡ್‌ನಲ್ಲಿ ಕನ್ನಡ ಕೀಲಿಗಳು ಬರುತ್ತವೆ, ಪೇಜ್‌ಮೇಕರ್‌ನಲ್ಲಿ ಮಾತ್ರ ಇಂಗ್ಲಿಷ್. ತುಂಬ ಕೇಳಿಬರುವ ದೂರಿದು. ಪೇಜ್‌ಮೇಕರ್‌ಗೆ ಅಡ್ಮಿನಿಸ್ಟ್ರೇಟರ್ ಟಿಕ್ ಹಾಕಿದ್ದಾರೆ, ನುಡಿಗೆ ಹಾಕಿಲ್ಲ. ಕೆಳಗಿನ ಅಧಿಕಾರದಲ್ಲಿ ಓಡುವ ಪ್ರೋಗ್ರಾಂ ಮೇಲಿನ ಅಧಿಕಾರದ್ದರ ಕೀಲಿಮಣೆಯನ್ನು ಹಿಡಿಯದಂತೆ ವಿಂಡೋಸ್ ತಡೆಯುತ್ತದೆ. ಪೇಜ್‌ಮೇಕರ್‌ನ ಫೋಲ್ಡರ್‌ಗೆ ಮೇಲೆ ಹೇಳಿದಂತೆ ಮಾಡಿಫೈ ಅನುಮತಿ ಕೊಟ್ಟು ಆ ಟಿಕ್ ತೆಗೆಯಿರಿ. ತೆಗೆದರೆ ಪೇಜ್‌ಮೇಕರ್ ತೆರೆಯುವುದೇ ಇಲ್ಲ ಎಂದಾದರೆ ನುಡಿಯನ್ನೂ ಅಡ್ಮಿನಿಸ್ಟ್ರೇಟರ್ ಆಗಿಯೇ ತೆರೆಯಿರಿ. ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಕ್ಕೂ ಇದೇ ಮಾತು ಅನ್ವಯ.

ನುಡಿಯಲ್ಲಿ ಕನ್ನಡ–ಇಂಗ್ಲಿಷ್ ಬದಲಿಸುವ ಸ್ಕ್ರೋಲ್ ಲಾಕ್ ಕೀಲಿ ಈಗಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಇಲ್ಲ. ವಿಂಡೋಸ್‌ನ ಆನ್-ಸ್ಕ್ರೀನ್ ಕೀಬೋರ್ಡ್‌ನಲ್ಲಿ ಅದಿದೆ. ದಿನವಿಡೀ ಟೈಪ್ ಮಾಡುವವರು ಪೂರ್ಣ ಗಾತ್ರದ ಯುಎಸ್‌ಬಿ ಕೀಬೋರ್ಡ್ ಕೊಳ್ಳುವುದೇ ಲೇಸು.

ವರ್ಡ್‌ನಲ್ಲಿ ಆಸ್ಕಿ ನುಡಿ ಬಳಸುವವರು ಫೈಲ್, ಆಪ್ಷನ್ಸ್, ಪ್ರೂಫಿಂಗ್, ಆಟೊಕರೆಕ್ಟ್ ಆಪ್ಷನ್ಸ್‌ಗೆ ಹೋಗಿ ಎಲ್ಲ ಟಿಕ್‌ಗಳನ್ನೂ ತೆಗೆಯಬೇಕು. ವಾಕ್ಯದ ಮೊದಲಕ್ಷರವನ್ನು ದೊಡ್ಡದು ಮಾಡುವ ಸೌಲಭ್ಯ ಆಸ್ಕಿಯಲ್ಲಿ ಅಕ್ಷರವನ್ನೇ ಬದಲಿಸುತ್ತದೆ. ಪ್ರತಿ ವಾಕ್ಯದ ಮೊದಲ ಅಕ್ಷರ ಮಾತ್ರ ತಪ್ಪಾಗುತ್ತಿದ್ದರೆ ಕಾರಣ ಇದೇ.

ಪೇಜ್‌ಮೇಕರ್‌ನ ಇನ್ನೊಂದು ತೊಂದರೆ ಪುಟ ತಾನಾಗಿ ಕದಲುವುದು. ಅದು ಡಾಕ್ಯುಮೆಂಟ್ ಸೆಟಪ್‌ನಲ್ಲಿ ‘ಕಂಪೋಸ್ ಟು ಪ್ರಿಂಟರ್’ ಎಂದಿರುವ ಪ್ರಿಂಟರಿಗೆ ತಕ್ಕಂತೆ ಸಾಲು ಹೊಂದಿಸುತ್ತದೆ. ವಿಂಡೋಸ್ 10 ಮತ್ತು 11ರಲ್ಲಿ ‘ಲೆಟ್ ವಿಂಡೋಸ್ ಮ್ಯಾನೇಜ್ ಮೈ ಡೀಫಾಲ್ಟ್ ಪ್ರಿಂಟರ್’ ಎಂಬುದು ಆನ್ ಆಗಿದ್ದರೆ ಕೊನೆಗೆ ಬಳಸಿದ ಪ್ರಿಂಟರೇ ಡೀಫಾಲ್ಟ್ ಆಗುತ್ತದೆ. ಬೆಳಿಗ್ಗೆ ಲೇಸರ್, ಸಂಜೆ ಪಿಡಿಎಫ್ ಎಂದಾದರೆ ಸಾಲುಗಳು ಹೊಸದಾಗಿ ಜೋಡಣೆಯಾಗಿ, ಕೂರಿಸಿದ ಪುಟ ಮುಂದಕ್ಕೆ ಹರಿಯುತ್ತದೆ. ಬ್ಲೂಟೂತ್ ಆ್ಯಂಡ್ ಡಿವೈಸಸ್, ಪ್ರಿಂಟರ್ಸ್ ಆ್ಯಂಡ್ ಸ್ಕ್ಯಾನರ್ಸ್‌ನಲ್ಲಿ ಅದನ್ನು ಆಫ್ ಮಾಡಿ, ಒಂದೇ ಪ್ರಿಂಟರನ್ನು ಡೀಫಾಲ್ಟ್ ಆಗಿ ಇಟ್ಟುಕೊಳ್ಳಿ.

ವಿಬಿ 6 ಪ್ರೋಗ್ರಾಂಗಳು

ವಿಷುಯಲ್ ಬೇಸಿಕ್ 6ರ ಮೂಲ ರನ್‌ಟೈಮ್ (ಪ್ರೋಗ್ರಾಂ ಓಡಲು ಬೇಕಾದ ಆಧಾರ ಫೈಲು) ವಿಂಡೋಸ್ 11ರಲ್ಲೂ ಇದೆ. ಇಲ್ಲದಿರುವುದು ಪ್ರೋಗ್ರಾಂ ಬಳಸುವ ಬಿಡಿಭಾಗಗಳಾದ ಓಸಿಎಕ್ಸ್ ಫೈಲುಗಳು. ತೆರೆದ ಕೂಡಲೇ ‘ರನ್‌ಟೈಮ್ ಎರರ್ 339’ ಬಂದು ಯಾವುದೋ ಓಸಿಎಕ್ಸ್ ಹೆಸರು ಹೇಳಿದರೆ ಆ ಹೆಸರಿನ ಫೈಲನ್ನು ಹಳೆಯ 32 ಬಿಟ್ ಯಂತ್ರದ ಸಿಸ್ಟಂ32 ಫೋಲ್ಡರ್‌ನಿಂದ ತಂದು ಹೊಸದರ ಸಿಸ್‌ವಾವ್64 ಫೋಲ್ಡರ್‌ಗೆ ಹಾಕಿ. ಹೆಸರು ತಿರುಗುಮುರುಗು ಎನಿಸಿದರೂ 64 ಬಿಟ್ ವಿಂಡೋಸ್‌ನಲ್ಲಿ 32 ಬಿಟ್ ಫೈಲುಗಳಿರುವುದು ಸಿಸ್‌ವಾವ್64ರಲ್ಲೇ. ನಂತರ ಕಮಾಂಡ್ ಪ್ರಾಂಪ್ಟ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಆ ಫೋಲ್ಡರ್‌ಗೇ ಹೋಗಿ, ರೆಗ್‌ಎಸ್‌ವಿಆರ್32 ಎಂದು ಬರೆದು ಜಾಗ ಬಿಟ್ಟು ಫೈಲಿನ ಹೆಸರು ಕೊಟ್ಟು ಎಂಟರ್ ಒತ್ತಿ. ಒಂದು ಸರಿಹೋದ ಮೇಲೆ ಇನ್ನೊಂದರ ಹೆಸರು ಕೇಳಬಹುದು, ಒಂದೊಂದಾಗಿ ಮುಗಿಸಿ. ಅಂತರ್ಜಾಲದಲ್ಲಿ ಬಿಡಿಬಿಡಿಯಾಗಿ ಡಿಎಲ್‌ಎಲ್ ಹಂಚುವ ತಾಣಗಳಿಂದ ಇವನ್ನು ಇಳಿಸಿಕೊಳ್ಳಬೇಡಿ.

ಪ್ರೋಗ್ರಾಂನ ಡೇಟಾ ಮೈಕ್ರೊಸಾಫ್ಟ್ ಆ್ಯಕ್ಸೆಸ್‌ನಲ್ಲಿದ್ದರೆ ಅಥವಾ ಒಡಿಬಿಸಿ ಮೂಲಕ ಬರುತ್ತಿದ್ದರೆ ಸ್ಟಾರ್ಟ್ ಮೆನುವಿನಲ್ಲಿ ‘ಒಡಿಬಿಸಿ ಡೇಟಾ ಸೋರ್ಸಸ್ (32-ಬಿಟ್)’ ಎಂಬುದನ್ನೇ ತೆರೆದು ಡಿಎಸ್‌ಎನ್ (ಡೇಟಾ ಎಲ್ಲಿದೆ ಎಂದು ಹೇಳುವ ಗುರುತು) ಮಾಡಿ. 64 ಬಿಟ್‌ನದರಲ್ಲಿ ಮಾಡಿದ ಸಿಸ್ಟಂ ಡಿಎಸ್‌ಎನ್ ಹಳೆಯ ಪ್ರೋಗ್ರಾಂಗೆ ಕಾಣುವುದೇ ಇಲ್ಲ. ಆ್ಯಕ್ಸೆಸ್ 97ರ ಡೇಟಾಬೇಸನ್ನು ಆ್ಯಕ್ಸೆಸ್ 2013 ಮತ್ತು ನಂತರದವು ತೆರೆಯುವುದಿಲ್ಲ. ಮೊದಲು 2010ರಲ್ಲಿ ಅಥವಾ ಹಿಂದಿನದರಲ್ಲಿ ತೆರೆದು ಹೊಸ ಮಾದರಿಗೆ ಬದಲಿಸಿಕೊಳ್ಳಬೇಕು.

ಬಿಲ್ಲಿನಲ್ಲಿ ಮೊತ್ತದ ಮುಂದೆ ಪ್ರಶ್ನಾರ್ಥಕ ಚಿಹ್ನೆ ಬೀಳುತ್ತಿದೆಯೆ? 2010ರಲ್ಲಿ ಬಂದ ರೂಪಾಯಿ ಚಿಹ್ನೆ ಹಳೆಯ 1252ನೇ ಕೋಡ್‌ಪೇಜ್‌ನಲ್ಲಿ (ಹಳೆಯ ಪ್ರೋಗ್ರಾಂಗಳ ಅಕ್ಷರಪಟ್ಟಿ) ಇಲ್ಲ, ಅದಕ್ಕೇ ಹೀಗೆ. ಕಂಟ್ರೋಲ್ ಪ್ಯಾನೆಲ್, ರೀಜನ್, ಅಡಿಷನಲ್ ಸೆಟ್ಟಿಂಗ್ಸ್, ಕರೆನ್ಸಿಯಲ್ಲಿ ಚಿಹ್ನೆ ಅಳಿಸಿ ಇಂಗ್ಲಿಷ್‌ನಲ್ಲಿ ‘ರೂ.’ಗೆ ಬಳಸುವ ಎರಡಕ್ಷರ ಮತ್ತು ಚುಕ್ಕೆ ಹಾಕಿ. ಅಲ್ಲೇ ದಿನಾಂಕದ ಮಾದರಿಯನ್ನೂ ಹಳೆಯ ಯಂತ್ರದ ಫೋಟೊ ನೋಡಿ ಹಾಗೆಯೇ ಇಡಿ. ತಿಂಗಳು–ದಿನ ಅದಲುಬದಲಾದರೆ 12ನೇ ತಾರೀಖಿನವರೆಗೆ ಯಾವ ದೋಷಸಂದೇಶವೂ ಬರದೆ ತಪ್ಪು ದಿನಾಂಕ ದಾಖಲಾಗುತ್ತ ಹೋಗುತ್ತದೆ, 13ರಂದು ಮಾತ್ರ ಗೊತ್ತಾಗುತ್ತದೆ. ಈ ಒಂದು ಸೆಟ್ಟಿಂಗನ್ನು ಮೊದಲ ಬಿಲ್ ಹಾಕುವ ಮುಂಚೆಯೇ ಖಾತ್ರಿ ಮಾಡಿಕೊಳ್ಳಿ.

2000ದ ದಶಕದ ಡಾಟ್‌ನೆಟ್ ಪ್ರೋಗ್ರಾಂ ಆದರೆ ‘ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್’ನಲ್ಲಿ ಡಾಟ್‌ನೆಟ್ ಫ್ರೇಮ್‌ವರ್ಕ್ 3.5ಕ್ಕೆ ಟಿಕ್ ಹಾಕಿದರೆ ಸಾಮಾನ್ಯವಾಗಿ ಮುಗಿಯಿತು; 2.0 ಮತ್ತು 3.0 ಅದರೊಳಗೇ ಇವೆ.

ಡಾಸ್: ಫಾಕ್ಸ್‌ಪ್ರೊ, ಕ್ಲಿಪ್ಪರ್, ಟರ್ಬೊ ಸಿ

ಇವು 16 ಬಿಟ್ ಕಾಲದವು, ಆದ್ದರಿಂದ ವಿಂಡೋಸ್ ಒಳಗೆ ಡಾಸ್ ಯಂತ್ರವನ್ನು ಅನುಕರಿಸುವ ಡಾಸ್‌ಬಾಕ್ಸ್‌ನಂಥ ತಂತ್ರಾಂಶ ಬೇಕು. ಆಟಗಳಿಗೆಂದು ಮಾಡಿದ ಮೂಲ ಡಾಸ್‌ಬಾಕ್ಸ್ ಕಚೇರಿ ಕೆಲಸಕ್ಕೆ ಸಾಲದು: ಅದರಲ್ಲಿ ಪ್ರಿಂಟಿಂಗ್ ಇಲ್ಲ. ಲೆಕ್ಕದ ಪ್ರೋಗ್ರಾಂಗಳಿಗೆ ಡಾಸ್‌ಬಾಕ್ಸ್-ಎಕ್ಸ್ ಅಥವಾ ವಿಡಾಸ್ ಬಳಸಿ. ಇಬ್ಬರು ಒಂದೇ ಡೇಟಾದ ಮೇಲೆ ಕೆಲಸ ಮಾಡುವಾಗ ಬೇಕಾದ ಫೈಲ್ ಲಾಕಿಂಗ್ ಇವೆರಡರಲ್ಲೂ ಇದೆ.

ಡಾಸ್‌ಬಾಕ್ಸ್-ಎಕ್ಸ್‌ನ ಕಾನ್ಫಿಗ್ ಫೈಲಿನಲ್ಲಿ ಮೂರು ಕಡೆ ಕೈ ಹಾಕಬೇಕಾಗುತ್ತದೆ. ಮೊದಲನೆಯದು ಪ್ಯಾರಲಲ್ ವಿಭಾಗ: ‘ಪ್ಯಾರಲಲ್1’ ಎಂಬಲ್ಲಿ ‘ಪ್ರಿಂಟರ್’ ಎಂದು ಕೊಟ್ಟರೆ ಎಲ್‌ಪಿಟಿ1ಕ್ಕೆ (ಹಳೆಯ ಪ್ರಿಂಟರ್ ಪೋರ್ಟ್) ಹೋಗುವ ಬರಹವನ್ನು ಎಪ್ಸನ್ ಮಾದರಿಯ ಪ್ರಿಂಟರ್ ಎಂಬಂತೆ ಅದು ಸ್ವೀಕರಿಸುತ್ತದೆ. ಪ್ರಿಂಟರ್ ವಿಭಾಗದ ‘ಪ್ರಿಂಟ್‌ಔಟ್‌ಪುಟ್’ ಅನ್ನೂ ‘ಪ್ರಿಂಟರ್’ ಎಂದಿಟ್ಟರೆ ಆ ಪುಟ ವಿಂಡೋಸ್‌ನ ಲೇಸರ್ ಪ್ರಿಂಟರಿಗೆ ಹೋಗುತ್ತದೆ. ಎರಡನೆಯದು ಕಾನ್ಫಿಗ್ ವಿಭಾಗದ ‘ಫೈಲ್ಸ್’ ಸಂಖ್ಯೆ: ಫಾಕ್ಸ್‌ಪ್ರೊ ‘ಟೂ ಮೆನಿ ಫೈಲ್ಸ್ ಓಪನ್’ ಎಂದರೆ ಇದನ್ನು ಹೆಚ್ಚಿಸಿ. ಮೂರನೆಯದು ಸಿಪಿಯು ವಿಭಾಗದ ‘ಸೈಕಲ್ಸ್’. ಫಾಕ್ಸ್‌ಪ್ರೊ 2.6 ತೆರೆಯುವಾಗಲೇ ‘ಡಿವೈಡ್ ಬೈ 0’ ಎಂದು ನಿಲ್ಲುವುದು, ಟರ್ಬೊ ಪ್ಯಾಸ್ಕಲ್‌ನಲ್ಲಿ ಬರೆದ ಪ್ರೋಗ್ರಾಂ ‘ರನ್‌ಟೈಮ್ ಎರರ್ 200’ ಎಂದು ನಿಲ್ಲುವುದು, ಎರಡಕ್ಕೂ ಕಾರಣ ಯಂತ್ರದ ವೇಗ. ಆರಂಭದಲ್ಲಿ ಯಂತ್ರದ ವೇಗ ಅಳೆಯುವ ಲೆಕ್ಕದ ಭಾಗಾಕಾರ ತೀರ ವೇಗದ ಯಂತ್ರದಲ್ಲಿ ಕೆಡುತ್ತದೆ. ಸೈಕಲ್ಸ್ ಅನ್ನು ‘ಫಿಕ್ಸ್‌ಡ್ 20000’ಕ್ಕೆ ಇಳಿಸಿ ಆರಂಭಿಸಿ, ಸರಿಯಾದರೆ ಸ್ವಲ್ಪ ಸ್ವಲ್ಪವೇ ಏರಿಸಿ.

ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಯುಎಸ್‌ಬಿಯಲ್ಲಿದ್ದು, ನಿಮ್ಮದು 32 ಬಿಟ್‌ನ ಹಳೆಯ ವಿಂಡೋಸ್ ಪ್ರೋಗ್ರಾಂ ಆಗಿ ನೇರ ಎಲ್‌ಪಿಟಿ1ಕ್ಕೇ ಬರೆಯುವುದಾದರೆ ಪ್ರಿಂಟರನ್ನು ಒಂದೇ ಪದದ ಹೆಸರಿನಲ್ಲಿ ಶೇರ್ ಮಾಡಿ, ಕಮಾಂಡ್ ಪ್ರಾಂಪ್ಟ್‌ನಲ್ಲಿ ನೆಟ್ ಯೂಸ್ ಆದೇಶದಿಂದ ಎಲ್‌ಪಿಟಿ1 ಅನ್ನು ಆ ಶೇರ್‌ಗೆ ಜೋಡಿಸಿ, ರೀಸ್ಟಾರ್ಟ್ ಆದರೂ ಉಳಿಯುವಂತೆ ‘ಪರ್ಸಿಸ್ಟೆಂಟ್: ಯೆಸ್’ ಎಂದು ಸೇರಿಸಿ. ಆಗ ಅಕ್ಷರ ಕಿರಿದುಮಾಡುವ ಕೋಡುಗಳು ಹಾಗೆಯೇ ಪ್ರಿಂಟರಿಗೆ ತಲುಪುತ್ತವೆ, ರಸೀದಿಯ ಅಳತೆ ತಪ್ಪುವುದಿಲ್ಲ.

ಕಾಲೇಜುಗಳಲ್ಲಿ ಇನ್ನೂ ಟರ್ಬೊ ಸಿ ಕಲಿಯುವವರಿಗೆ ಒಂದು ಎಚ್ಚರಿಕೆ. ಟರ್ಬೊ ಸಿಯಲ್ಲಿ ಪ್ರೋಗ್ರಾಂ ಓಡಿಸುವುದು ಕಂಟ್ರೋಲ್ ಮತ್ತು ಎಫ್9ರಿಂದ, ಡಾಸ್‌ಬಾಕ್ಸ್ 0.74ರಲ್ಲಿ ಅದೇ ಜೋಡಿ ಒತ್ತಿದರೆ ಡಾಸ್‌ಬಾಕ್ಸೇ ಮುಚ್ಚಿಹೋಗುತ್ತದೆ, ಸೇವ್ ಮಾಡದ ಕೋಡ್ ಹೋಗುತ್ತದೆ. ಕಂಟ್ರೋಲ್ ಮತ್ತು ಎಫ್1 ಒತ್ತಿ ಮ್ಯಾಪರ್ ತೆರೆದು, ಶಟ್‌ಡೌನ್ ಆಯ್ದು ಅದರ ಕೀಲಿಯನ್ನು ಬೇರೆಯದಕ್ಕೆ ಬದಲಿಸಿ, ಸೇವ್ ಮಾಡಿ. ಮೌಸ್ ಸಿಕ್ಕಿಹಾಕಿಕೊಂಡರೆ ಕಂಟ್ರೋಲ್ ಮತ್ತು ಎಫ್10. ಹೊರಗಿನಿಂದ ಹಾಕಿದ ಫೈಲು ಒಳಗೆ ಕಾಣದಿದ್ದರೆ ಕಂಟ್ರೋಲ್ ಮತ್ತು ಎಫ್4.

ಯಾವುದೂ ಆಗದಿದ್ದರೆ ವರ್ಚುವಲ್ ಮಶೀನ್

ವಿಂಡೋಸ್ 11ರ ಒಳಗೆ ಇನ್ನೊಂದು ಹಳೆಯ ವಿಂಡೋಸ್ ಓಡಿಸುವುದು ಸುತ್ತುದಾರಿಯಂತೆ ಕಂಡರೂ ಹತ್ತಾರು ಹಳೆಯ ಪ್ರೋಗ್ರಾಂಗಳಿರುವ ಕಚೇರಿಗೆ ಇದೇ ನೆಮ್ಮದಿ. ಒರೇಕಲ್‌ನ ವರ್ಚುವಲ್‌ಬಾಕ್ಸ್ ಸಾಕು. ಮೊದಲು ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು ಒತ್ತಿ ‘ವರ್ಚುವಲೈಸೇಷನ್: ಎನೇಬಲ್ಡ್’ ಎಂದಿದೆಯೇ ನೋಡಿ; ಇಲ್ಲದಿದ್ದರೆ ಬಯಾಸ್‌ಗೆ ಹೋಗಿ ಆನ್ ಮಾಡಬೇಕು. 32 ಬಿಟ್ ವಿಂಡೋಸ್ ಹಾಕಿದರೆ 16 ಬಿಟ್ ಪ್ರೋಗ್ರಾಂಗಳೂ ಓಡುತ್ತವೆ.

ಎಕ್ಸ್‌ಪಿಗೆ 1 ಜಿಬಿ ರ‍್ಯಾಮ್, ಒಂದೇ ಸಿಪಿಯು, 20 ಜಿಬಿ ಡಿಸ್ಕ್ ಧಾರಾಳ. 32 ಬಿಟ್ ವಿಂಡೋಸ್ 7ಕ್ಕೆ 2 ಜಿಬಿ ರ‍್ಯಾಮ್, 32 ಜಿಬಿ ಡಿಸ್ಕ್ ಕೊಡಿ. ಎಕ್ಸ್‌ಪಿಯ ಡಿಸ್ಕನ್ನು ಐಡಿಇ ಕಂಟ್ರೋಲರ್‌ಗೇ ಜೋಡಿಸಿ. ಸಾಟಾಕ್ಕೆ ಜೋಡಿಸಿದರೆ ಎಕ್ಸ್‌ಪಿಯಲ್ಲಿ ಅದರ ಡ್ರೈವರ್ ಇಲ್ಲದೆ 7ಬಿ ಎಂದು ಕೊನೆಯಾಗುವ ಸಂಖ್ಯೆಯ ನೀಲಿ ಪರದೆ ಬರುತ್ತದೆ. ಹಳೆಯ ವಿಂಡೋಸ್‌ಗೆ ಭದ್ರತಾ ಅಪ್‌ಡೇಟ್ ನಿಂತು ವರ್ಷಗಳಾಗಿವೆ, ಆದ್ದರಿಂದ ನೆಟ್‌ವರ್ಕ್ ಅನ್ನು ‘ನಾಟ್ ಅಟ್ಯಾಚ್ಡ್’ ಮಾಡಿ. ವಿಂಡೋಸ್‌ನ ಲೈಸೆನ್ಸ್ ಕೀ ನಿಮ್ಮ ಬಳಿ ಇರಬೇಕು. ಹಳೆಯ ಯಂತ್ರದ ಜೊತೆಗೇ ಬಂದ ಓಇಎಂ ಲೈಸೆನ್ಸ್ ಆ ಯಂತ್ರಕ್ಕೇ ಕಟ್ಟುಬಿದ್ದದ್ದು.

ಇನ್‌ಸ್ಟಾಲ್ ಆದ ಮೇಲೆ ಗೆಸ್ಟ್ ಅಡಿಷನ್ಸ್ ಹಾಕಿ, ಶೇರ್ಡ್ ಫೋಲ್ಡರ್ ಮೂಲಕ ಫೈಲು ಒಳಹೊರಗೆ ಸಾಗಿಸಿ. ಫಾಕ್ಸ್‌ಪ್ರೊ, ಆ್ಯಕ್ಸೆಸ್ ಡೇಟಾಬೇಸನ್ನು ಶೇರ್ಡ್ ಫೋಲ್ಡರ್‌ನಿಂದಲೇ ತೆರೆಯಬೇಡಿ, ಲಾಕಿಂಗ್ ಕೆಟ್ಟು ಇಂಡೆಕ್ಸ್ ಹಾಳಾಗುವ ಅಪಾಯವಿದೆ. ಡೇಟಾ ಒಳಗಿರಲಿ, ದಿನದ ಕೊನೆಗೆ ಪ್ರತಿ ಹೊರಗೆ ಬರಲಿ. ಎಲ್ಲ ಹೊಂದಿಸಿದ ಮೇಲೆ ಸ್ನ್ಯಾಪ್‌ಶಾಟ್ (ವರ್ಚುವಲ್ ಮಶೀನ್‌ನ ಆ ಕ್ಷಣದ ಸ್ಥಿತಿ) ತೆಗೆಯಿರಿ. ಅದನ್ನು ಬ್ಯಾಕಪ್ ಎಂದು ನಂಬಿ ಕೂರಬೇಡಿ: ಹಿಂದಿನ ಸ್ನ್ಯಾಪ್‌ಶಾಟಿಗೆ ಮರಳಿದರೆ ನಡುವೆ ದಾಖಲಿಸಿದ್ದೆಲ್ಲ ಅಳಿಯುತ್ತದೆ.

ವರ್ಚುವಲ್‌ಬಾಕ್ಸ್ ಕಿಟಕಿಯ ಕೆಳಗೆ ಹಸಿರು ಆಮೆಯ ಚಿತ್ರ ಕಂಡು ಎಲ್ಲ ನಿಧಾನವಾಗಿದ್ದರೆ ವಿಂಡೋಸ್‌ನದೇ ವರ್ಚುವಲ್ ಮಶೀನ್ ವ್ಯವಸ್ಥೆಯಾದ ಹೈಪರ್-ವಿ ಕೂಡ ಚಾಲೂ ಇದೆ ಎಂದರ್ಥ. ಸ್ನ್ಯಾಪ್‌ಡ್ರ್ಯಾಗನ್‌ನಂಥ ಆರ್ಮ್ ಚಿಪ್ಪಿನ ಲ್ಯಾಪ್‌ಟಾಪಿನಲ್ಲಿ ಈ ವಿಧಾನದಿಂದ ಎಕ್ಸ್‌ಪಿ ಓಡಿಸಲಾಗುವುದಿಲ್ಲ. ಹಳೆಯ ಪ್ರೋಗ್ರಾಂ ಮುಖ್ಯವಾಗಿದ್ದರೆ ಇಂಟೆಲ್ ಅಥವಾ ಎಎಂಡಿ ಯಂತ್ರವನ್ನೇ ಕೊಳ್ಳಿ.

ಡ್ರೈವರ್, ಹಾರ್ಡ್‌ವೇರ್ ಲಾಕ್

ಹಳೆಯ ಸ್ಕ್ಯಾನರಿನ 32 ಬಿಟ್ ಡ್ರೈವರ್ 64 ಬಿಟ್ ವಿಂಡೋಸ್‌ನಲ್ಲಿ ಯಾವ ಉಪಾಯಕ್ಕೂ ಬಗ್ಗುವುದಿಲ್ಲ. ಸಾಧನ ಯುಎಸ್‌ಬಿಯದಾದರೆ ವರ್ಚುವಲ್ ಮಶೀನ್‌ನ ಡಿವೈಸಸ್ ಮೆನುವಿನಲ್ಲಿ ಯುಎಸ್‌ಬಿ ಒತ್ತಿ ಅದನ್ನು ಒಳಗೆ ಕೊಡಿ. ಎಕ್ಸ್‌ಪಿಗೆ ಯುಎಸ್‌ಬಿ 3 ಗೊತ್ತಿಲ್ಲ, ಸೆಟ್ಟಿಂಗ್‌ನಲ್ಲಿ 2.0 ಆಯ್ದುಕೊಳ್ಳಿ. ಡಿಟಿಪಿ ತಂತ್ರಾಂಶಗಳನ್ನು ಓಡಿಸಲು ಚುಚ್ಚಬೇಕಾದ ಯುಎಸ್‌ಬಿ ಲಾಕ್‌ಗಳೂ ಸಾಮಾನ್ಯವಾಗಿ ಹೀಗೆ ಕೆಲಸ ಮಾಡುತ್ತವೆ. ಪ್ಯಾರಲಲ್ ಪೋರ್ಟಿನ ಹಳೆಯ ಲಾಕ್‌ಗೆ ಈ ದಾರಿಯಿಲ್ಲ. ಅಂಗಡಿಯಲ್ಲಿ ಸಿಗುವ ಯುಎಸ್‌ಬಿ–ಪ್ಯಾರಲಲ್ ಕೇಬಲ್ ಪ್ರಿಂಟರಿಗೆ ಮಾತ್ರ, ಲಾಕನ್ನು ಅದು ಗುರುತಿಸುವುದಿಲ್ಲ. ಅಂಥ ತಂತ್ರಾಂಶವಿದ್ದರೆ ಪೋರ್ಟ್ ಇರುವ ಹಳೆಯ ಯಂತ್ರವನ್ನು ಇಂಟರ್ನೆಟ್ ಇಲ್ಲದೆ ಹಾಗೆಯೇ ಉಳಿಸಿಕೊಳ್ಳಿ.

ಕೆಲಸ ನಡೆಯುತ್ತಿರುವಾಗಲೇ ಫೈಲು ಹೊರತೆಗೆಯಿರಿ

ಡಿಬಿಎಫ್ ಫೈಲುಗಳನ್ನು ಲಿಬ್ರೆಆಫೀಸ್ ಕ್ಯಾಲ್ಕ್ ನೇರವಾಗಿ ತೆರೆಯುತ್ತದೆ. ಪ್ರತಿಯ ಮೇಲೆ ಕೆಲಸ ಮಾಡಿ, ಮೂಲದ ಮೇಲೆ ಸೇವ್ ಮಾಡಬೇಡಿ. ಪೇಜ್‌ಮೇಕರ್ ಫೈಲುಗಳನ್ನು ಅಡೋಬಿಯ ಇನ್‌ಡಿಸೈನ್ ಸಿಎಸ್6ರವರೆಗಿನ ಆವೃತ್ತಿಗಳು ಮಾತ್ರ ತೆರೆಯುತ್ತಿದ್ದವು. ಈಗ ಲಿಬ್ರೆಆಫೀಸ್ ಡ್ರಾ ತೆರೆಯುತ್ತದೆ, ಪುಟವಿನ್ಯಾಸ ಪೂರ್ತಿ ಉಳಿಯುತ್ತದೆಂದು ನಿರೀಕ್ಷಿಸಬೇಡಿ. ಪೇಜ್‌ಮೇಕರ್ ಇನ್ನೂ ಓಡುತ್ತಿದ್ದರೆ ಪ್ರತಿ ಪುಸ್ತಕದ ಪಿಡಿಎಫ್ ಒಂದು, ಬರಹ ಮಾತ್ರ ಎಕ್ಸ್‌ಪೋರ್ಟ್ ಮಾಡಿದ ಫೈಲು ಒಂದು ಇಟ್ಟುಕೊಳ್ಳಿ.

ಆ ಬರಹವನ್ನು ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳಲ್ಲಿ ಬಹಳಷ್ಟು ಫಾಂಟ್ ನೋಡುವುದಿಲ್ಲ, ಅಕ್ಷರಸಂಖ್ಯೆ ಮಾತ್ರ ನೋಡುತ್ತವೆ. ಅದರಿಂದ ನಡುವೆ ಬಂದ ಇಂಗ್ಲಿಷ್ ಪದಗಳೂ ಅರ್ಥವಿಲ್ಲದ ಕನ್ನಡವಾಗಿಬಿಡುತ್ತವೆ. ಅವನ್ನು ಮೊದಲೇ ಗುರುತು ಹಾಕಿಟ್ಟುಕೊಂಡು ಆಮೇಲೆ ಕೈಯಿಂದ ಸರಿಪಡಿಸಿ. ಅರ್ಕಾವೊತ್ತು ಆಸ್ಕಿಯಲ್ಲಿ ವ್ಯಂಜನದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರವೇ ಮೊದಲು. ತಪ್ಪುಗಳು ಸೇರಿಕೊಳ್ಳುವುದು ಹೆಚ್ಚಾಗಿ ಅಲ್ಲೇ. ಇಡೀ ಪುಸ್ತಕ ಬದಲಿಸುವ ಮುನ್ನ ಸೂರ್ಯ, ವರ್ಷ, ರಾಷ್ಟ್ರ, ಶ್ರೀಕೃಷ್ಣ, ಸ್ವಾತಂತ್ರ್ಯ, ರ‍್ಯಾಂಕ್ ಈ ಆರು ಪದಗಳನ್ನು ನುಡಿಯಲ್ಲಿ ಟೈಪ್ ಮಾಡಿ ಪರಿವರ್ತಿಸಿ ನೋಡಿ. ಆರೂ ಸರಿಯಾಗಿ ಬಂದ ಪರಿವರ್ತಕವನ್ನೇ ಬಳಸಿ, ಬದಲಿಸಿದ ಮೇಲೂ ಮೂಲ ಆಸ್ಕಿ ಫೈಲು ಮತ್ತು ಅದರ ಫಾಂಟನ್ನು ಒಂದೇ ಫೋಲ್ಡರ್‌ನಲ್ಲಿ ಜೊತೆಗಿಡಿ.